ನಿದ್ರೆ ಬರುವ ದಾರಿ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ದಾವಣಗೆರೆಯನ್ನು ಬಿಟ್ಟು ಚಿತ್ರದುರ್ಗದ ಕಡೆಗೆ ಹೊರಟವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಆನಗೋಡು ಎದುರಾಗುತ್ತದೆ. ಊರಿನ ಸುತ್ತಲೂ ಹೊಲಗಳು. ಮಳೆಗಾಲ ಹದವಾಗಿ ನಡೆದರೆ ಎತ್ತ ನೋಡಿದರೂ ಮೆಕ್ಕೆಜೋಳದ ಹಸಿರು. ಸಂಜೆಯಾದೊಡನೆ ದನಕರುಗಳು ಕೊಟ್ಟಿಗೆಯನ್ನೂ ಹಕ್ಕಿಗಳು ಮರವನ್ನೂ ಸೇರುತ್ತವೆ. ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಓಣಿಗಳು ಮೌನವಾಗುತ್ತವೆ. ಆ ಮೇಲೆ ಎಚ್ಚರವಾಗಿ ಉಳಿಯುವುದು ಹೆದ್ದಾರಿಯೊಂದೇ. ಲಾರಿಗಳು ಬೆಳಗಿನವರೆಗೂ ಬರುತ್ತಲೇ ಇರುತ್ತವೆ, ಹೋಗುತ್ತಲೇ ಇರುತ್ತವೆ.

ಹೆದ್ದಾರಿಯ ಜೊತೆಗೆ ಎಚ್ಚರವಾಗಿರುವ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳೋಣ. ಅರವತ್ತನ್ನು ದಾಟಿದ ರೈತ ಅವನು. ಎಂಟು ಗಂಟೆಗೇ ಹಾಸಿಗೆ ಸೇರಿದ್ದಾನೆ. ಬೇಗ ಮಲಗಿದರೆ ಬೇಗ ನಿದ್ರೆ ಬಂದೀತೆಂಬುದು ಅವನ ಆಸೆ. ಆದರೆ ಹತ್ತಾಯಿತು, ಹನ್ನೊಂದಾಯಿತು, ಮಗ್ಗುಲು ಬದಲಾಯಿಸಿದ್ದೇ ಬಂತು. ಲಾರಿಗಳನ್ನು ಎಣಿಸಿದ, ಎಣಿಕೆ ತಪ್ಪಿತು. ಸಾಲದ ಕಂತನ್ನು ಎಣಿಸಿದ, ಅದು ತಪ್ಪಲಿಲ್ಲ. ಗಡಿಯಾರ ನೋಡಿದರೆ ಎರಡು ಗಂಟೆ. 'ಇನ್ನು ಮೂರು ಗಂಟೆಯಾದರೂ ನಿದ್ರೆ ಬರಬೇಡವೆ?' ಎಂದು ಕಣ್ಣು ಬಿಗಿಯಾಗಿ ಮುಚ್ಚಿದ. ಇದ್ದ ಮಂಪರೂ ಹಾರಿಹೋಯಿತು. ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತಿದಾಗ ಕೋಳಿ ಕೂಗಿತು. ಮರುದಿನ ತಲೆ ಭಾರ, ಕಣ್ಣು ಉರಿ, ಮಾತಿಗೆ ಮುನ್ನ ಸಿಟ್ಟು. ಆಯಾಸ ಕಳೆಯಲು ಆರು ಬಾರಿ ಚಹಾ ಕುಡಿದ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಂಡ. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಗಾಢವಾಗಿ ಮಲಗಿದ. ರಾತ್ರಿಯಾಯಿತು. ಮತ್ತೆ ಎಂಟು ಗಂಟೆಗೆ ಹಾಸಿಗೆ, ಮತ್ತೆ ಲಾರಿಗಳ ಎಣಿಕೆ.

ಇಂಥವನನ್ನು ಕಂಡವರು, 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ಹೇಳಿ, 'ಚಿಂತೆ ಬಿಡು, ನಿದ್ದೆ ತಾನಾಗಿ ಬರುತ್ತದೆ' ಎಂದು ಸಮಾಧಾನ ಮಾಡುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಬಿಡು ಎಂದೊಡನೆ ಬಿಟ್ಟುಹೋಗುವ ಚಿಂತೆ ಯಾವುದಿದೆ? ಇಷ್ಟಕ್ಕೂ ಅವನ ನಿದ್ರೆಯನ್ನು ಕದ್ದುದು ಚಿಂತೆಯೊಂದೇ ಅಲ್ಲ. ಆರು ಬಾರಿಯ ಚಹಾ, ಮಧ್ಯಾಹ್ನದ ನಿದ್ರೆ, ಎಂಟು ಗಂಟೆಯ ಹಾಸಿಗೆ, ನಡುರಾತ್ರಿಯ ಗಡಿಯಾರ, ಇವೆಲ್ಲವೂ ಆ ಕಳವಿನಲ್ಲಿ ಪಾಲುದಾರರು. ಅದು ಹೇಗೆಂದು ತಿಳಿಯಬೇಕಾದರೆ ನಿದ್ರೆಯೆಂದರೇನೆಂಬುದನ್ನು ಮೊದಲು ವಿಚಾರಿಸಬೇಕು.

ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯಕ್ಕೆ ಬರುವ ಮಕ್ಕಳು, ಕೆಲವು ಪ್ರಾಣಿಗಳು ಹಗಲಿನಲ್ಲಿ ಮಲಗಿರುವುದನ್ನು ಕಂಡು ನಿರಾಶರಾಗುವುದುಂಟು. ಆದರೆ ಮಲಗಿದ ಪ್ರಾಣಿಯೂ ಒಂದು ಪಾಠವನ್ನು ಹೇಳುತ್ತದೆ. ಬೇಟೆಯಾಡಿ ಬದುಕುವ ಚಿರತೆಯ ಜಾತಿ ಹೊಟ್ಟೆ ತುಂಬಿದ ಮೇಲೆ ಗಂಟೆಗಟ್ಟಲೆ ಮಲಗುತ್ತದೆ. ಬೇಟೆಗೆ ಈಡಾಗುವ ಜಿಂಕೆಯ ಜಾತಿ ತುಣುಕು ತುಣುಕಾಗಿ, ಕಿವಿ ತೆರೆದೇ ನಿದ್ರಿಸುತ್ತದೆ. ಭಯವಿದ್ದಲ್ಲಿ ನಿದ್ರೆ ಹಗುರವಾಗುತ್ತದೆ ಎಂಬುದು ಪ್ರಕೃತಿಯ ನಿಯಮ. ಅಪಾಯ ಸಮೀಪದಲ್ಲಿದೆಯೆಂದು ಅನ್ನಿಸಿದಾಗ ಶರೀರ ಎಚ್ಚರವಾಗಿರುತ್ತದೆ, ಇರಲೇಬೇಕು. ಜಿಂಕೆಗೆ ಆ ಅಪಾಯ ಹುಲಿ ಚಿರತೆಗಳ ರೂಪದಲ್ಲಿ ಬಂದರೆ, ಮನುಷ್ಯನಿಗೆ ಸಾಲದ ಕಾಗದ, ಬಾರದ ಮಳೆ, ನಾಳಿನ ಪರೀಕ್ಷೆಗಳ ರೂಪದಲ್ಲಿ ಬರುತ್ತದೆ. ಶರೀರಕ್ಕೆ ಇವುಗಳ ಭೇದ ತಿಳಿಯದು. ಆದುದರಿಂದ ನಿದ್ರೆ ಬಾರದವನು ಸೋಮಾರಿಯೂ ಅಲ್ಲ, ದುರ್ಬಲನೂ ಅಲ್ಲ. ಕಾವಲು ಕಾಯಬೇಕಾದ ಶಕ್ತಿಯೊಂದು ಅವನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕಾವಲು ನಿಂತಿದೆ, ಅಷ್ಟೆ.

ನಿದ್ರೆಯೆಂದರೆ ಶರೀರದ ಯಂತ್ರ ನಿಂತುಹೋಗುವುದೆಂದು ಬಹುಕಾಲ ಜನ ಭಾವಿಸಿದ್ದರು. 1953ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾನಿಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ಆಗಾಗ ವೇಗವಾಗಿ ಚಲಿಸುವುದನ್ನು ಪ್ರಕಟಪಡಿಸಿದರು. ಆಗ ಎಬ್ಬಿಸಿದವರಲ್ಲಿ ಹೆಚ್ಚಿನವರು ತಾವು ಕನಸು ಕಾಣುತ್ತಿದ್ದೆವೆಂದು ಹೇಳಿದರು. ಹೊರಗೆ ಶಾಂತವಾಗಿ ಕಾಣುವ ನಿದ್ರೆಯೊಳಗೆ ಒಂದು ಕ್ರಮಬದ್ಧವಾದ ವ್ಯಾಪಾರ ನಡೆದಿರುತ್ತದೆಯೆಂಬುದು ಇದರಿಂದ ಖಚಿತವಾಯಿತು. ಹಗುರವಾದ ನಿದ್ರೆ, ಗಾಢವಾದ ನಿದ್ರೆ, ಕನಸಿನ ನಿದ್ರೆ ಎಂಬ ಹಂತಗಳು ಸುಮಾರು 90 ನಿಮಿಷಗಳಿಗೊಮ್ಮೆ ಸುತ್ತು ಹಾಕುತ್ತವೆ. ಒಂದು ರಾತ್ರಿಯಲ್ಲಿ ಇಂಥ ನಾಲ್ಕೈದು ಸುತ್ತುಗಳು. ಮಕ್ಕಳ ಬೆಳವಣಿಗೆಗೆ ಬೇಕಾದ ರಸದೂತವು ಹೆಚ್ಚಾಗಿ ಒಸರುವುದು ಗಾಢನಿದ್ರೆಯಲ್ಲಿ. ಹಗಲು ಕಲಿತದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರೂ ದೇಹವೆಂಬ ಮನೆಯ ಆಧಾರಸ್ತಂಭಗಳೆಂದು ಚರಕಸಂಹಿತೆ ಹೇಳಿದೆ. ಕಂಬಗಳಲ್ಲಿ ಒಂದು ಅಲುಗಿದರೂ ಮನೆ ಭದ್ರವಾಗಿ ನಿಲ್ಲಲಾರದು.

ಹಾಗಾದರೆ ನಿದ್ರೆ ಬರುವುದು ಹೇಗೆ? ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಇದಕ್ಕೆ ಸರಳವಾದ ವಿವರಣೆಯೊಂದನ್ನು ಕೊಟ್ಟನು. ನಿದ್ರೆಯನ್ನು ತರುವ ಶಕ್ತಿಗಳು ಎರಡು. ಮೊದಲನೆಯದು ನಿದ್ರೆಯ ಹಸಿವು. ಎಚ್ಚರವಾಗಿ ಕಳೆದ ಪ್ರತಿಯೊಂದು ಗಂಟೆಯೂ ಈ ಹಸಿವನ್ನು ಹೆಚ್ಚಿಸುತ್ತದೆ. ಮಿದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯ ಹಗಲೆಲ್ಲ ಸಂಗ್ರಹವಾಗುತ್ತಾ ಬಂದು ಸಂಜೆಯ ಹೊತ್ತಿಗೆ ಕಣ್ಣೆಳೆಯುವಂತೆ ಮಾಡುತ್ತದೆ. ರಾತ್ರಿಯ ನಿದ್ರೆಯಲ್ಲಿ ಅದು ಕರಗುತ್ತದೆ. ಎರಡನೆಯದು ಶರೀರದೊಳಗಿನ ಗಡಿಯಾರ. ಮಿದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಎಡೆಯ ಮೇಲ್ಗಡೆ, ಅತಿ ಸಣ್ಣದಾದ ಎರಡು ನರಕೋಶಗಳ ಗುಂಪುಗಳಿವೆ. ಹಗಲು ಯಾವುದು ರಾತ್ರಿ ಯಾವುದು ಎಂಬ ಲೆಕ್ಕವನ್ನು ಇಡೀ ದೇಹಕ್ಕೆ ತಿಳಿಸುವ ಗಡಿಯಾರ ಇದೇ. ಕತ್ತಲಾದೊಡನೆ ಈ ಗಡಿಯಾರದ ಆಜ್ಞೆಯಂತೆ ಮೆಲಟೊನಿನ್ ಎಂಬ ರಸದೂತವು ಒಸರಿ, ರಾತ್ರಿಯಾಯಿತೆಂದು ಡಂಗುರ ಸಾರುತ್ತದೆ. ನಿದ್ರೆಯ ಹಸಿವೂ ಗಡಿಯಾರದ ಕರೆಯೂ ಒಂದೇ ಹೊತ್ತಿಗೆ ಕೂಡಿದಾಗ ನಿದ್ರೆ ಸುಲಭವಾಗಿ ಬರುತ್ತದೆ.

ಈ ಗಡಿಯಾರ ಎಷ್ಟು ಹಟಮಾರಿಯೆಂಬುದನ್ನು ಅರಿಯಲು ಮೇಲೆ ಹೇಳಿದ ಕ್ಲೈಟ್‌ಮನ್ ಸಾಹಸವೊಂದನ್ನು ಮಾಡಿದ್ದನು. 1938ರಲ್ಲಿ ಅವನೂ ಅವನ ಶಿಷ್ಯ ಬ್ರೂಸ್ ರಿಚರ್ಡ್‌ಸನ್ನನೂ ಅಮೆರಿಕದ ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಯೊಳಗೆ 32 ದಿನ ವಾಸಮಾಡಿದರು. ಸೂರ್ಯನ ಬೆಳಕು ಇಣುಕದ ಆ ಗುಹೆಯಲ್ಲಿ ಅವರು 24 ಗಂಟೆಗಳ ದಿನವನ್ನು ಬಿಟ್ಟು 28 ಗಂಟೆಗಳ ದಿನವನ್ನು ರೂಢಿಸಿಕೊಳ್ಳಲು ಯತ್ನಿಸಿದರು. ತರುಣನಾದ ಶಿಷ್ಯ ಹೇಗೋ ಹೊಂದಿಕೊಂಡನು. ನಡುವಯಸ್ಸಿನ ಗುರುವಿನ ಶರೀರ ಮಾತ್ರ ತನ್ನ 24 ಗಂಟೆಗಳ ಲೆಕ್ಕವನ್ನು ಬಿಟ್ಟುಕೊಡಲಿಲ್ಲ. ಈ ಗಡಿಯಾರ ಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಹಣ್ಣುನೊಣಗಳಲ್ಲಿ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಎರಡು ಶಕ್ತಿಗಳನ್ನು ತಿಳಿದವರಿಗೆ ಆನಗೋಡಿನ ರೈತನ ದೈನಿಕ ಚರ್ಯೆಯಲ್ಲಿ ದೋಷವೆಲ್ಲಿದೆಯೆಂದು ಗುರುತಿಸುವುದು ಕಷ್ಟವಲ್ಲ. ಮಧ್ಯಾಹ್ನದ ಎರಡು ಗಂಟೆಗಳ ನಿದ್ರೆ ರಾತ್ರಿಯ ಊಟಕ್ಕೆ ಮುನ್ನ ಹೊಟ್ಟೆ ತುಂಬ ತಿಂಡಿ ತಿಂದಂತೆ. ನಿದ್ರೆಯ ಹಸಿವು ಅದರಿಂದ ಇಂಗಿಹೋಗುತ್ತದೆ. ಚಹಾ ಕಾಫಿಗಳಲ್ಲಿರುವ ಕೆಫೀನ್ ಅಡೆನೊಸಿನ್ ಕುಳಿತುಕೊಳ್ಳಬೇಕಾದ ಸ್ಥಾನವನ್ನು ತಾನು ಆಕ್ರಮಿಸಿ, ಹಸಿವು ತೋರದಂತೆ ಮಾಡುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಕರಗಲು ಸಾಮಾನ್ಯವಾಗಿ ಐದಾರು ಗಂಟೆಗಳು ಬೇಕು. ಸಂಜೆ ಐದು ಗಂಟೆಗೆ ಕುಡಿದ ಚಹಾದ ಅರ್ಧ ಭಾಗ ರಾತ್ರಿ ಹತ್ತಕ್ಕೂ ಮೈಯಲ್ಲಿಯೇ ಉಳಿದಿರುತ್ತದೆಂದಾಯಿತು. ಹೊಗೆಸೊಪ್ಪಿನ ನಿಕೋಟಿನ್ ಕೂಡ ಉತ್ತೇಜಕವೇ. 'ಒಂದಿಷ್ಟು ಕುಡಿದರೆ ನಿದ್ರೆ ಬರುತ್ತದೆ' ಎಂದು ಮದ್ಯದ ಮೊರೆಹೋಗುವವರೂ ಉಂಟು. ಮದ್ಯವು ಮೊದಲ ಜಾವದಲ್ಲಿ ಮಂಪರನ್ನು ತಂದು, ಎರಡನೆಯ ಜಾವದಲ್ಲಿ ನಿದ್ರೆಯನ್ನು ಒಡೆದುಹಾಕುತ್ತದೆ. ಸಾಲ ಕೊಟ್ಟು ಬಡ್ಡಿಯೊಡನೆ ಕಿತ್ತುಕೊಳ್ಳುವ ಲೇವಾದೇವಿಯವನ ರೀತಿ ಅದರದು.

ಎಂಟು ಗಂಟೆಗೇ ಹಾಸಿಗೆ ಸೇರಿದುದೂ ತಪ್ಪೇ. ಗಡಿಯಾರ ಇನ್ನೂ ಕರೆಯದಿರುವಾಗ ಹಾಸಿಗೆಯಲ್ಲಿ ಬಿದ್ದುಕೊಂಡರೆ ಹೊರಳಾಡುವುದು ಮಾತ್ರ ಉಳಿಯುತ್ತದೆ. ದಿನವೂ ಹೀಗಾಗುತ್ತಿದ್ದರೆ ಹಾಸಿಗೆಗೂ ಎಚ್ಚರಕ್ಕೂ ಮನಸ್ಸು ಒಂದು ನಂಟನ್ನು ಕಟ್ಟಿಬಿಡುತ್ತದೆ. ಜಗಲಿಯ ಮೇಲೆ ಕುಳಿತಲ್ಲಿಯೇ ತೂಕಡಿಸುತ್ತಿದ್ದವನು ಒಳಗೆ ಹೋಗಿ ಹಾಸಿಗೆ ಸೇರಿದೊಡನೆ ಕಣ್ಣರಳಿಸಿ ಮಲಗುವುದು ಈ ಕಾರಣದಿಂದ. ಮಳೆ ಕೈಕೊಟ್ಟ ವರ್ಷದಲ್ಲಿ ಹುಟ್ಟಿದ ನಿದ್ರಾಹೀನತೆ ಮಳೆ ಚೆನ್ನಾಗಿ ಬಂದ ಮರುವರ್ಷವೂ ಮುಂದುವರಿಯುತ್ತದೆ. ಚಿಂತೆ ಬಾಗಿಲನ್ನು ತೆರೆದು ಕೊಟ್ಟು ಹೊರಟುಹೋಯಿತು. ಅಭ್ಯಾಸ ಒಳಗೆ ಬಂದು ಮನೆಯ ಯಜಮಾನನಾಗಿ ಕುಳಿತಿತು. ಗಾದೆ ಹೇಳದೆ ಬಿಟ್ಟ ಅರ್ಧ ಸತ್ಯ ಇದೇ.

ವಾರಕ್ಕೆ ಮೂರು ರಾತ್ರಿಗಳಾದರೂ ನಿದ್ರೆ ಹತ್ತದೆ, ಅಥವಾ ನಡುವೆ ಎಚ್ಚರವಾಗಿ ಮತ್ತೆ ಬಾರದೆ, ಮೂರು ತಿಂಗಳವರೆಗೆ ಹೀಗೆಯೇ ನಡೆದು ಹಗಲಿನ ಕೆಲಸಕ್ಕೂ ತೊಂದರೆಯಾದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆಯೆಂದು ವೈದ್ಯರು ಕರೆಯುತ್ತಾರೆ. ಒಂದೆರಡು ರಾತ್ರಿ ನಿದ್ರೆ ಕೆಟ್ಟರೆ ಅದು ರೋಗವಲ್ಲ. ಅದನ್ನೇ ರೋಗವೆಂದು ಹೆದರುವುದು ಮಾತ್ರ ರೋಗದ ಬೀಜವಾಗಬಲ್ಲುದು.

ಪರಿಹಾರದ ಮಾತಿಗೆ ಬಂದರೆ, ನಮ್ಮ ಹಿರಿಯರು ಕೆಲವು ಉಪಾಯಗಳನ್ನು ಬಲ್ಲವರಾಗಿದ್ದರು. ನೆತ್ತಿಗೂ ಅಂಗಾಲಿಗೂ ಎಣ್ಣೆ ತಿಕ್ಕುವುದು, ಬಿಸಿನೀರಿನ ಸ್ನಾನ, ಮಲಗುವ ಮುನ್ನ ಬೆಚ್ಚನೆಯ ಹಾಲು, ಹಬ್ಬದ ದಿನ ಗಸಗಸೆಯ ಪಾಯಸ, ಇವು ಮನೆಮನೆಯಲ್ಲಿಯೂ ಪರಿಚಿತ. ಎಣ್ಣೆಯ ಅಭ್ಯಂಗ, ಸ್ನಾನ, ಹಾಲು, ಮನಸ್ಸಿಗೆ ಹಿತವಾದ ನಾದ ಮತ್ತು ಸುವಾಸನೆಗಳನ್ನು ಚರಕಸಂಹಿತೆಯೂ ಸೂಚಿಸುತ್ತದೆ. ಇವುಗಳಲ್ಲಿ ಅರ್ಥವಿಲ್ಲದೆ ಇಲ್ಲ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರು ಸ್ನಾನ ಮಾಡಿದರೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖ ಹೊರಬಿದ್ದು, ಶರೀರದ ಒಳಭಾಗ ತಂಪಾಗುತ್ತದೆ. ಹಾಗೆ ತಂಪಾಗುವುದು ನಿದ್ರೆಗೆ ಸಿದ್ಧತೆ. ಹಾಲಿನ ಲೋಟದಲ್ಲಿ ಮಾಯಾಶಕ್ತಿ ಇಲ್ಲದಿರಬಹುದು. ಆದರೆ ದಿನವೂ ಅದೇ ಹೊತ್ತಿನಲ್ಲಿ ಅದೇ ಕ್ರಮವನ್ನು ಅನುಸರಿಸಿದರೆ ಇನ್ನು ಮಲಗುವ ಸಮಯವೆಂದು ಮನಸ್ಸು ತಿಳಿದುಕೊಳ್ಳುತ್ತದೆ. ಮಗುವಿಗೆ ತಾಯಿ ಹಾಡುವ ಜೋಗುಳ ಮಾಡುವ ಕೆಲಸವೂ ಇದೇ ಅಲ್ಲವೆ? ಆದರೆ ಜಾಯಿಕಾಯಿಯಂಥ ವಸ್ತುಗಳನ್ನು ಅಳತೆ ಮೀರಿ ಸೇವಿಸುವುದು ಅಪಾಯಕಾರಿ. ಮನೆಮದ್ದೆಂದ ಮಾತ್ರಕ್ಕೆ ಅದು ನಿರಪಾಯವೆಂದು ತಿಳಿಯಬಾರದು.

ಯೋಗಾಭ್ಯಾಸದ ಫಲವನ್ನು ಕರ್ನಾಟಕದಲ್ಲಿಯೇ ಪರೀಕ್ಷಿಸಿ ನೋಡಿದ್ದಾರೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ವೃದ್ಧಾಶ್ರಮವೊಂದರ 69 ಮಂದಿ ಹಿರಿಯರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಆರು ತಿಂಗಳು ಅಧ್ಯಯನ ನಡೆಸಿದರು. ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಆಯುರ್ವೇದದ ಔಷಧ. ಮೂರನೆಯ ಗುಂಪಿಗೆ ಎರಡೂ ಇಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ಯೋಗಾಭ್ಯಾಸ ಮಾಡಿದವರಿಗೆ ನಿದ್ರೆ ಹತ್ತಲು ಬೇಕಾಗುತ್ತಿದ್ದ ಸಮಯ ಸರಾಸರಿ ಹತ್ತು ನಿಮಿಷ ಕಡಮೆಯಾಯಿತು. ನಿದ್ರೆಯ ಅವಧಿ ಸುಮಾರು ಒಂದು ಗಂಟೆ ಹೆಚ್ಚಿತು. ಉಳಿದೆರಡು ಗುಂಪುಗಳಲ್ಲಿ ಗಣನೀಯವಾದ ಬದಲಾವಣೆ ಕಾಣಲಿಲ್ಲ. ಸಣ್ಣ ಅಧ್ಯಯನವೇ ಸರಿ. ಆದರೂ ಮುಪ್ಪಿನಲ್ಲಿ ನಿದ್ರೆ ಸುಧಾರಿಸಲಾರದೆಂದು ಕೈಚೆಲ್ಲಿ ಕುಳಿತವರಿಗೆ ಅದು ಧೈರ್ಯವನ್ನು ಕೊಡುತ್ತದೆ.

ಅಭ್ಯಾಸದಿಂದ ಬಂದುದನ್ನು ಅಭ್ಯಾಸದಿಂದಲೇ ಕಳೆಯಬೇಕು. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಇದಕ್ಕೆ ಒಂದು ವಿಧಾನವನ್ನು ಸೂಚಿಸಿದನು. ಅದರ ನಿಯಮಗಳು ಸುಲಭ. ಪಾಲಿಸುವುದು ಮಾತ್ರ ಮೊದಲ ಕೆಲವು ದಿನ ಕಷ್ಟ. ಕಣ್ಣೆಳೆದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಹಾಸಿಗೆ ಇರುವುದು ನಿದ್ರೆಗೆ; ಅಲ್ಲಿ ಕುಳಿತು ಊಟ, ಲೆಕ್ಕಾಚಾರ, ಮೊಬೈಲು ಫೋನಿನ ವೀಕ್ಷಣೆ ಸಲ್ಲದು. ಇಪ್ಪತ್ತು ನಿಮಿಷಗಳಷ್ಟು ಹೊತ್ತು ಕಳೆದರೂ ನಿದ್ರೆ ಬರಲಿಲ್ಲವೆಂದು ಅನ್ನಿಸಿದರೆ ಎದ್ದು ಬೇರೆಡೆ ಹೋಗಿ, ಮಂದವಾದ ಬೆಳಕಿನಲ್ಲಿ ಮನಸ್ಸನ್ನು ಕೆರಳಿಸದ ಯಾವುದಾದರೂ ಕೆಲಸದಲ್ಲಿ ತೊಡಗಿ, ಕಣ್ಣೆಳೆದಾಗ ಮರಳಿ ಬರಬೇಕು. ಗಡಿಯಾರವನ್ನು ನೋಡಬಾರದು. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿರಲಿ, ಬೆಳಗ್ಗೆ ಏಳುವ ಸಮಯ ಬದಲಾಗಬಾರದು. ಹಗಲು ನಿದ್ರೆಯನ್ನು ಬಿಡಬೇಕು. ಹೀಗೆ ನಡೆದುಕೊಂಡರೆ ಹಾಸಿಗೆಗೂ ನಿದ್ರೆಗೂ ಹರಿದುಹೋಗಿದ್ದ ನಂಟು ಕೆಲವು ವಾರಗಳಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಮೊದಲು ಕಡಮೆಮಾಡಿ, ನಿದ್ರೆ ಗಟ್ಟಿಯಾದಂತೆ ಹೆಚ್ಚಿಸುತ್ತ ಹೋಗುವ ಇನ್ನೊಂದು ಕ್ರಮವೂ ಇದೆ. ಅದನ್ನು ವೈದ್ಯರ ಮಾರ್ಗದರ್ಶನದಲ್ಲಿ ಮಾತ್ರ ಅನುಸರಿಸಬೇಕು. ಇಂಥ ಕ್ರಮಗಳನ್ನು, ಚಿಂತೆಯನ್ನು ನಿರ್ವಹಿಸುವ ತರಬೇತಿಯೊಡನೆ ಸೇರಿಸಿ ನೀಡುವ ಚಿಕಿತ್ಸೆಯನ್ನೇ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಪ್ರಯೋಗಿಸಬೇಕೆಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಸಲಹೆ ಮಾಡಿತು. ಗುಳಿಗೆಗಳ ಸ್ಥಾನ ಅದರ ನಂತರದ್ದು.

ಬೆಳಕಿನ ವಿಚಾರವನ್ನೂ ಇಲ್ಲಿ ಹೇಳಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳಿಂದ ಬೆಳಗಿದವು. ಅಲ್ಲಿಂದೀಚೆಗೆ ಕನ್ನಡನಾಡಿನ ರಾತ್ರಿ ಸ್ವಲ್ಪ ಸ್ವಲ್ಪವಾಗಿ ಕಿರಿದಾಗುತ್ತ ಬಂದಿದೆ. ಈಗ ಅಂಗೈಯೊಳಗಿನ ಫೋನು ಮಲಗುವ ಕೋಣೆಗೂ ಹಗಲನ್ನು ತಂದಿದೆ. ಶರೀರದ ಗಡಿಯಾರವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವ ಕೀಲಿ ಬೆಳಕೇ ಆಗಿರುವುದರಿಂದ, ಮುಂಜಾನೆ ಅರ್ಧ ಗಂಟೆ ಬಿಸಿಲಿನಲ್ಲಿ ನಡೆಯುವುದೂ ರಾತ್ರಿ ಬೆಳಕನ್ನು ಕಡಮೆಮಾಡುವುದೂ ಖರ್ಚಿಲ್ಲದ ಔಷಧಗಳು. ಹೊಲಗದ್ದೆಯಲ್ಲಿ ದುಡಿಯುವವರಿಗೆ ಮೊದಲನೆಯ ಔಷಧ ತಾನಾಗಿ ದೊರೆಯುತ್ತದೆ. ಎರಡನೆಯದನ್ನು ಮಾತ್ರ ಅವರೂ ಸಂಪಾದಿಸಿಕೊಳ್ಳಬೇಕು.

ನಿದ್ರೆಯ ಗುಳಿಗೆಗಳನ್ನು ಕುರಿತು ಎಚ್ಚರಿಕೆಯ ಮಾತು ಅಗತ್ಯ. ವೈದ್ಯರು ಸಕಾರಣವಾಗಿ ಕೆಲವು ದಿನಗಳಿಗೆಂದು ಕೊಟ್ಟಾಗ ಅವು ಉಪಕಾರಿ. ಆದರೆ ನೆರೆಯವರು ಕೊಟ್ಟರೆಂದೋ ಅಂಗಡಿಯಲ್ಲಿ ಕೇಳಿ ಪಡೆದೋ ನುಂಗುವುದು ಕೇಡನ್ನು ತರುತ್ತದೆ. ಕೆಲವು ಗುಳಿಗೆಗಳು ದಿನ ಕಳೆದಂತೆ ಹೆಚ್ಚು ಹೆಚ್ಚು ಪ್ರಮಾಣವನ್ನು ಬೇಡುತ್ತವೆ. ಅವುಗಳನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯವೇ. ವೃದ್ಧರು ರಾತ್ರಿ ಎದ್ದಾಗ ಬಿದ್ದು ಮೂಳೆ ಮುರಿದುಕೊಳ್ಳುವುದಕ್ಕೆ ಇಂಥ ಮಂಪರು ಕಾರಣವಾಗುವುದುಂಟು. ಇದಲ್ಲದೆ ನಿದ್ರಾಭಂಗ ಬೇರೊಂದು ಕಾಯಿಲೆಯ ಲಕ್ಷಣವೂ ಆಗಿರಬಹುದು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿದಂತಾಗುವುದು, ರಕ್ತದಲ್ಲಿ ಕಬ್ಬಿಣದ ಅಂಶ ಕಡಮೆಯಾಗಿ ಕಾಲುಗಳಲ್ಲಿ ತಡೆಯಲಾರದ ಚಡಪಡಿಕೆ ಉಂಟಾಗುವುದು, ಸಕ್ಕರೆ ಕಾಯಿಲೆಯಿಂದ ಪದೇಪದೇ ಮೂತ್ರಕ್ಕೆ ಏಳುವುದು, ಇವುಗಳಿಗೆ ಮೂಲದ ಕಾಯಿಲೆಗೇ ಚಿಕಿತ್ಸೆ ಆಗಬೇಕು. ಬೆಳಗಿನ ಜಾವವೇ ಎಚ್ಚರವಾಗಿ, ಬದುಕು ಬೇಡವೆನ್ನುವಷ್ಟು ಬೇಸರ ಕವಿಯುತ್ತಿದ್ದರೆ ಅದು ಖಿನ್ನತೆಯ ಗುರುತಾಗಿರಬಹುದು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳವರೆಗೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ನಿದ್ರೆ ಬಾರದವರು ಬೇರೆ, ನಿದ್ರೆ ಸಿಗದವರು ಬೇರೆ. ಇದುವರೆಗೆ ಹೇಳಿದುದು ಮೊದಲನೆಯವರ ವಿಷಯ. ಎರಡನೆಯವರೂ ಆನಗೋಡಿನ ಸುತ್ತಮುತ್ತ ಇದ್ದಾರೆ. ಕೊಳವೆ ಬಾವಿಯ ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ದಿನವಿಡೀ ಹರಿಯುವುದಿಲ್ಲ. ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಂದರೆ ರೈತ ರಾತ್ರಿಯೇ ಬ್ಯಾಟರಿ ಹಿಡಿದು, ಹಾವು ಚೇಳುಗಳ ಭಯವನ್ನು ನುಂಗಿಕೊಂಡು ಹೊಲಕ್ಕೆ ನಡೆಯಬೇಕು. ಹೆದ್ದಾರಿಯಲ್ಲಿ ಲಾರಿ ನಡೆಸುವವನು ಸರಕು ಹೇಳಿದ ಹೊತ್ತಿಗೆ ತಲಪಬೇಕೆಂದು ಕಣ್ಣಿಗೆ ನೀರು ಚಿಮುಕಿಸಿಕೊಂಡು ಓಡುತ್ತಾನೆ. ಕ್ಷಣಕಾಲದ ತೂಕಡಿಕೆ ಅವನನ್ನೂ ಎದುರಿಗೆ ಬರುವವರನ್ನೂ ಬಲಿ ತೆಗೆದುಕೊಳ್ಳಬಲ್ಲುದು. ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿಯೂ ಹರಿಹರದ ಕಾರ್ಖಾನೆಗಳಲ್ಲಿಯೂ ರಾತ್ರಿ ಪಾಳಿಯ ಕಾರ್ಮಿಕರು ಹೀಗೆಯೇ ಕತ್ತಲೆಯನ್ನು ಹಗಲು ಮಾಡಿಕೊಂಡು ದುಡಿದರು. ಇಂಥವರಿಗೆ 'ಬೆಚ್ಚನೆಯ ಹಾಲು ಕುಡಿಯಿರಿ' ಎಂದು ಉಪದೇಶಿಸುವುದು ಹಸಿದವನಿಗೆ ಜೀರ್ಣದ ಔಷಧ ಕೊಟ್ಟಂತೆ. ಹಗಲಿನಲ್ಲಿಯೇ ವಿದ್ಯುತ್ತು ಬೇಕೆಂಬುದು ರೈತರ ಬಹುಕಾಲದ ಬೇಡಿಕೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆ ಸೂರ್ಯಶಕ್ತಿಯಿಂದ ಹಗಲಿನಲ್ಲಿಯೇ ಪಂಪುಗಳನ್ನು ನಡೆಸುವ ದಾರಿಯನ್ನು ತೋರಿಸಿದೆ. ಅದು ಊರೂರಿಗೂ ತಲಪಿದಷ್ಟೂ ರೈತನ ರಾತ್ರಿ ರೈತನಿಗೆ ಮರಳುತ್ತದೆ. ನಿದ್ರೆ ಒಬ್ಬೊಬ್ಬರ ಸ್ವಂತ ವಿಷಯವೆಂದು ತೋರಿದರೂ ಅದನ್ನು ಕಾಪಾಡುವ ಹೊಣೆ ಸಮಾಜದ ಮೇಲೂ ಇದೆ.

ವಿದ್ಯಾರ್ಥಿಗಳು ಈ ಎರಡು ವರ್ಗಕ್ಕೂ ಸೇರದೆ, ಬಂದ ನಿದ್ರೆಯನ್ನು ತಾವಾಗಿಯೇ ದೂಡುವವರು. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎದ್ದು ಓದಿದವನು ಓದಿದ್ದನ್ನು ನೆಲೆಗೊಳಿಸಬೇಕಾದ ಹೊತ್ತನ್ನೇ ಕಳೆದುಕೊಳ್ಳುತ್ತಾನೆ. ಬಿತ್ತಿದ ಬೀಜಕ್ಕೆ ಮಣ್ಣು ಮುಚ್ಚದೆ ಮತ್ತೆ ಮತ್ತೆ ಬೀಜವನ್ನೇ ಚೆಲ್ಲುತ್ತ ಹೋದರೆ ಬೆಳೆ ಬಂದೀತೆ?

ಈಗ ಮತ್ತೊಮ್ಮೆ ಆನಗೋಡಿನ ಆ ಮನೆಗೆ ಬರೋಣ. ಸಾಲ ತೀರಿಲ್ಲ, ಹೆದ್ದಾರಿಯ ಲಾರಿಗಳೂ ನಿಂತಿಲ್ಲ. ಆದರೆ ರೈತ ಕೆಲವನ್ನು ಬದಲಾಯಿಸಿದ್ದಾನೆ. ಮಧ್ಯಾಹ್ನದ ಮೇಲೆ ಚಹಾ ಇಲ್ಲ. ಊಟದ ನಂತರ ಮಲಗುವ ಬದಲು ಬೇವಿನ ಮರದ ನೆರಳಿನಲ್ಲಿ ಕುಳಿತು ಹಗ್ಗ ಹೊಸೆಯುತ್ತಾನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗನೊಡನೆ ಕುಳಿತು ಕೊಡಬೇಕಾದುದನ್ನೂ ಬರಬೇಕಾದುದನ್ನೂ ಕಾಗದದ ಮೇಲೆ ಬರೆಸುತ್ತಾನೆ. ತಲೆಯೊಳಗೆ ಸುತ್ತುತ್ತಿದ್ದ ಲೆಕ್ಕ ಕಾಗದಕ್ಕೆ ಇಳಿದರೆ ರಾತ್ರಿಗೆ ಅಷ್ಟು ಹೊರೆ ಕಡಮೆ. ಹತ್ತು ಗಂಟೆಗೆ ಕಣ್ಣೆಳೆದಾಗ ಹಾಸಿಗೆ ಸೇರುತ್ತಾನೆ. ಒಂದೊಂದು ರಾತ್ರಿ ಈಗಲೂ ಎಚ್ಚರವಾಗುತ್ತದೆ. ಆಗ ಅವನು ಗಡಿಯಾರ ನೋಡುವುದಿಲ್ಲ. ಎದ್ದು ಜಗಲಿಗೆ ಬಂದು ಕುಳಿತುಕೊಳ್ಳುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಆಕಳಿಕೆ ಬರುತ್ತದೆ.

ನಿದ್ರೆಯನ್ನು ಅಟ್ಟಿಸಿಕೊಂಡು ಹೋದವರಿಗೆ ಅದು ಸಿಕ್ಕುವುದಿಲ್ಲ. ಹಗಲನ್ನು ಕ್ರಮಪಡಿಸಿ, ಬೆಳಕನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಅದು ಬರುವ ದಾರಿಯನ್ನು ಹಸನುಮಾಡಿ ಕಾದವರ ಮನೆಗೆ ಅದು ತಾನಾಗಿಯೇ ಬರುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಬರಬಹುದು. ಆದರೆ ಚಿಂತೆಯಿಲ್ಲದ ಮನುಷ್ಯರು ವಿರಳ. ಚಿಂತೆಯಿದ್ದೂ ನೆಮ್ಮದಿಯಾಗಿ ಮಲಗುವುದನ್ನು ಕಲಿಯುವುದು ಎಲ್ಲರಿಗೂ ಸಾಧ್ಯ. ಹಾಗೆ ಮಲಗಿ ಎದ್ದವನು ಆ ಚಿಂತೆಯನ್ನು ಎದುರಿಸಲು ಹೆಚ್ಚು ಶಕ್ತನಾಗಿರುತ್ತಾನೆ.

ಅಭ್ಯಾಸ

1. ನಿದ್ರೆಯನ್ನು ತರುವ ಎರಡು ಶಕ್ತಿಗಳು ಯಾವುವು? ಅವು ಹೇಗೆ ಕೆಲಸಮಾಡುತ್ತವೆ?
2. ರೈತನ ದೈನಿಕ ಚರ್ಯೆಯಲ್ಲಿ ನಿದ್ರೆಯನ್ನು ಕೆಡಿಸಿದ ಅಂಶಗಳಾವುವು?
3. 'ಚಿಂತೆ ಬಾಗಿಲನ್ನು ತೆರೆದು ಕೊಟ್ಟು ಹೊರಟುಹೋಯಿತು; ಅಭ್ಯಾಸ ಒಳಗೆ ಬಂದು ಮನೆಯ ಯಜಮಾನನಾಗಿ ಕುಳಿತಿತು.' ಈ ಮಾತನ್ನು ವಿವರಿಸಿರಿ.
4. ನಿದ್ರೆ ಬಾರದವರಿಗೂ ನಿದ್ರೆ ಸಿಗದವರಿಗೂ ಇರುವ ವ್ಯತ್ಯಾಸವೇನು? ನಿಮ್ಮ ಊರಿನಲ್ಲಿ ರಾತ್ರಿ ದುಡಿಯುವವರನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರಿ.
5. ನಿದ್ರೆಗೆ ಸಂಬಂಧಿಸಿದ ಗಾದೆಗಳನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿ ಸಂಗ್ರಹಿಸಿರಿ.